ಕೂಟಕ್ಕೆ ಮೊದಲು ಹುಡುಗಿಯ ಚೀಲದಲ್ಲಿ ಸಿಕ್ಕ ಡಬ್ಬ: ಏನು ಹೇಳಲಿ?

ಅಂಕೋಲೆ ಪಿಟಿ ಮಾಸ್ತರು

ಅಂಕೋಲಾ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಕ, ಹತ್ತೊಂಬತ್ತು ವರ್ಷದಿಂದ. ಕಳೆದ ಶನಿವಾರ ಮಕ್ಕಳನ್ನು ಕಾರವಾರದ ಮಾಲಾದೇವಿ ಮೈದಾನಕ್ಕೆ ಓಡಿಸಲು ಕರೆದುಕೊಂಡು ಹೋಗಿದ್ದೆ. ನಮ್ಮ 800 ಮೀಟರ್ ಹುಡುಗಿ, ಒಂಬತ್ತನೇ ತರಗತಿ, ನೀರಿನ ಬಾಟಲಿ ತೆಗೆಯಲು ಹೋದಾಗ ಚೀಲದಿಂದ ಒಂದು ಡಬ್ಬ ಉರುಳಿ ಬಿತ್ತು. ಕಪ್ಪು ಪ್ಲಾಸ್ಟಿಕ್ ಡಬ್ಬ, ಮೇಲೆ ಬಾಯಿ ತೆರೆದ ಹುಲಿಯ ಚಿತ್ರ. ಒಳಗೆ ಏನೇನಿದೆ ಎಂದು ಬರೆದಿರುವ ಜಾಗದಲ್ಲಿ ಲೇಬಲ್ ಅರ್ಧ ಕಿತ್ತುಹೋಗಿದೆ. ಮುಚ್ಚಳ ತೆಗೆದೆ. ಗುಲಾಬಿ ಬಣ್ಣದ ಪುಡಿ, ಕಿತ್ತಳೆಯ ವಾಸನೆ, ನಡುವೆ ಹೂತುಕೊಂಡ ಸಣ್ಣ ಚಮಚ.

"ಅಣ್ಣ ಜಿಮ್ಮಿಂದ ತಂದುಕೊಟ್ಟ ಸರ್, ದಮ್ಮು ಹೆಚ್ಚು ಬರ್ತದಂತೆ" ಅಂದಳು. ಎರಡು ವಾರದಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದೊಂದು ಚಮಚ ತೆಗೆದುಕೊಳ್ಳುತ್ತಿದ್ದಾಳೆ. ಅಪ್ಪ ಬೋಟಿಗೆ ಹೋಗುವವರು, ಅಮ್ಮ ಮೀನು ಮಾರುವವರು. ಆ ಡಬ್ಬಕ್ಕೆ ಅಣ್ಣ ಎರಡು ಸಾವಿರ ಕೊಟ್ಟಿದ್ದಾನೆ. ತಂಗಿ ಗೆಲ್ಲಲಿ ಅಂತಲೇ ಕೊಟ್ಟದ್ದು, ಅದರಲ್ಲಿ ನನಗೆ ಸಂಶಯವಿಲ್ಲ.

ಕೂಡಲೇ ನಿಲ್ಲಿಸು ಎಂದೆ. ಆಗ ಅವಳು ಕೇಳಿದ ಮಾತು ಒಂದು ವಾರದಿಂದ ನನ್ನ ತಲೆ ತಿನ್ನುತ್ತಿದೆ: "ಉಳಿದವ್ರೆಲ್ಲ ತಗೊಂಡು ಓಡಿದ್ರೆ ನಾ ಒಬ್ಳೇ ಸೋಲ್ತೆ ಅಲ್ಲಾ ಸರ್?"

ನಿಷೇಧಿತ ಔಷಧ ತೆಗೆದುಕೊಂಡಿದ್ದಾರೆಯೇ ಎಂದು ನೋಡಲು ತಾಲೂಕು, ಜಿಲ್ಲಾ ಕೂಟಗಳಲ್ಲಿ ಯಾವ ಪರೀಕ್ಷೆಯೂ ಇಲ್ಲ. ಇದು ಅವಳಿಗೂ ಗೊತ್ತು, ನನಗೂ ಗೊತ್ತು. ಇಲ್ಲಿರುವ ಆಟಗಾರರು, ಮಾಸ್ತರು, ಅಕ್ಕೋರು, ಪಾಲಕರು ಹೇಳಿ. ಅವಳಿಗೆ ಏನು ಉತ್ತರ ಕೊಡಲಿ?

ಕೋಡಿಬಾಗದ ಓಟಗಾರ

ಮಾಸ್ತರೆ, ಸಿಟ್ಟಾಗಬೇಡಿ. ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆ. ಅಮೆರಿಕದ ಸೈಕಲ್ ಸವಾರ ಆರ್ಮ್‌ಸ್ಟ್ರಾಂಗ್ ಔಷಧ ತೆಗೆದುಕೊಂಡೇ 1999ರಿಂದ 2005ರವರೆಗೆ ಸತತ ಏಳು ಟೂರ್ ಡಿ ಫ್ರಾನ್ಸ್ ಗೆದ್ದ. ಅಷ್ಟು ವರ್ಷ ಎಷ್ಟೋ ಸಲ ಮೂತ್ರ ಕೊಟ್ಟ, ರಕ್ತ ಕೊಟ್ಟ. ಏಳೂ ಪದವಿ ಕಿತ್ತುಕೊಂಡದ್ದು 2012ರಲ್ಲಿ, ಅದೂ ಜೊತೆಗೆ ಸೈಕಲ್ ಹೊಡೆದವರು ಬಾಯಿಬಿಟ್ಟ ಮೇಲೆ. ಸಿಕ್ಕಿಬಿದ್ದವನು ಕಳ್ಳ, ಸಿಕ್ಕದವನು ಚಾಂಪಿಯನ್ ಎನ್ನುವ ಹಾಗಾಗಿದೆ.

ಔಷಧ ಮಾತ್ರ ಅನ್ಯಾಯ, ಉಳಿದದ್ದೆಲ್ಲ ನ್ಯಾಯ ಅನ್ನುವುದು ಹೇಗೆ? ನಾನು ಟ್ಯಾಗೋರ್ ಕಡಲತೀರದ ಮರಳಿನಲ್ಲಿ ಬರಿಗಾಲಲ್ಲಿ ಓಡಿ ಬೆಳೆದವನು. ಸಿಂಥೆಟಿಕ್ ಟ್ರ್ಯಾಕ್ ಮೊದಲು ನೋಡಿದ್ದೇ ಬೆಂಗಳೂರಿನಲ್ಲಿ, ಅದೂ ರಾಜ್ಯ ಕೂಟದ ದಿನ. ನನ್ನ ಪಕ್ಕದ ಲೇನಿನಲ್ಲಿ ನಿಂತಿದ್ದ ಹುಡುಗನ ಸ್ಪೈಕ್ಸ್‌ಗೆ ನಮ್ಮ ಮನೆಯ ಎರಡು ತಿಂಗಳ ಖರ್ಚು ಬೇಕು. ಅದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಔಷಧಕ್ಕೆ ಅಡ್ಡಿಯಿಲ್ಲದ ಕೂಟವನ್ನೇ ಲಾಸ್ ವೇಗಸ್‌ನಲ್ಲಿ ನಡೆಸುತ್ತೇವೆ ಎಂದು 2025ರಲ್ಲಿ ಘೋಷಿಸಿದ್ದಾರೆ. ವೈದ್ಯರ ಕಣ್ಣೆದುರು ಎಲ್ಲರಿಗೂ ಬಿಟ್ಟುಬಿಟ್ಟರೆ ಕದ್ದು ತೆಗೆದುಕೊಳ್ಳುವುದಾದರೂ ತಪ್ಪುತ್ತದಲ್ಲ?

ಕುಮಟೆ ಔಷಧಿ ಅಂಗಡಿ

ಮಾಸ್ತರೆ, ವಾದ ಆಮೇಲೆ ಆಗಲಿ. ಮೊದಲು ಆ ಹುಡುಗಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಿಪಿ, ನಾಡಿ ನೋಡಿಸಿ. ಡಬ್ಬವನ್ನೂ ಜೊತೆಗೆ ಒಯ್ಯಿರಿ, ಎಸೆಯಬೇಡಿ.

"ದಮ್ಮು ಬರುವ" ಪುಡಿಗಳಲ್ಲಿ ಹೆಚ್ಚಿನವು ಕೆಫೀನ್, ಸಕ್ಕರೆ, ಬಣ್ಣ, ಅಷ್ಟೇ. ಕೆಫೀನನ್ನು ನಿಷೇಧಿತ ಪಟ್ಟಿಯಿಂದ 2004ರಲ್ಲೇ ತೆಗೆದಿದ್ದಾರೆ. ಭಯ ಇರುವುದು ಲೇಬಲ್ಲಿನಲ್ಲಿ ಹೇಳದೆ ಬೆರೆಸುವ ವಸ್ತುವಿನದ್ದು. ಮೀಥೈಲ್‌ಹೆಕ್ಸಾನಮೀನ್ ಅಂತ ಒಂದಿದೆ. ಒಂದು ಕಾಲಕ್ಕೆ ಕಟ್ಟಿದ ಮೂಗು ಬಿಡಿಸಲು ಕೊಡುತ್ತಿದ್ದ ಔಷಧ ಅದು, ರಕ್ತನಾಳವನ್ನು ಬಿಗಿಸಿ ಬಿಪಿ ಏರಿಸುತ್ತದೆ. ಪುಡಿ ಮಾರುವವರು ಅದನ್ನು ಜೆರೇನಿಯಂ ಗಿಡದ ಸಾರ ಎಂದು ಚೆಂದದ ಹೆಸರಿನಲ್ಲಿ ಬರೆದದ್ದೂ ಉಂಟು. ಜಮೈಕಾದ ಓಟಗಾರ ನೆಸ್ಟಾ ಕಾರ್ಟರ್ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕೊಟ್ಟ ಮೂತ್ರವನ್ನು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗ ಸಿಕ್ಕಿದ್ದು ಇದೇ. ಅವನೊಬ್ಬನ ತಪ್ಪಿಗೆ 2017ರಲ್ಲಿ ಇಡೀ ರಿಲೇ ತಂಡದ ಚಿನ್ನ ಹೋಯಿತು, ಬೋಲ್ಟ್‌ನದ್ದೂ ಸೇರಿ. ನಮ್ಮ ಓಟಗಾರ್ತಿ ಪೂವಮ್ಮನ ಮಾದರಿಯಲ್ಲಿ ಸಿಕ್ಕಿ 2022ರಲ್ಲಿ ಎರಡು ವರ್ಷದ ನಿಷೇಧವಾದದ್ದೂ ಇದೇ ವಸ್ತುವಿನಿಂದ.

ಕೋಡಿಬಾಗದ ತಮ್ಮಾ, "ವೈದ್ಯರ ಕಣ್ಣೆದುರು" ಅನ್ನುತ್ತೀಯಲ್ಲ, ನನ್ನ ಕಣ್ಣೆದುರು ಏನಾಗುತ್ತದೆ ಕೇಳು. ಸಂಜೆ ಏಳು ಗಂಟೆಗೆ ಬೈಕ್ ನಿಲ್ಲಿಸಿ ಹುಡುಗರು ಬರುತ್ತಾರೆ. ಚೀಟಿ ಇರುವುದಿಲ್ಲ, ಮೊಬೈಲಿನಲ್ಲಿ ಫೋಟೊ ತೋರಿಸುತ್ತಾರೆ. ಮೆಫೆಂಟರ್ಮಿನ್ ಇಂಜೆಕ್ಷನ್. ಆಪರೇಷನ್ ಟೇಬಲ್ಲಿನ ಮೇಲೆ ಅರಿವಳಿಕೆ ಕೊಟ್ಟಾಗ ಬಿಪಿ ಕುಸಿದರೆ ಏರಿಸಲು ಇರುವ ಔಷಧ. ಅದನ್ನು ಬೆಂಚ್ ಪ್ರೆಸ್ ಮಾಡುವ ಮೊದಲು ಚುಚ್ಚಿಕೊಳ್ಳುತ್ತಾರೆ. ಇಲ್ಲ ಅಂತ ವಾಪಸು ಕಳಿಸುತ್ತೇನೆ. ಹೋಗುವಾಗ ಒಬ್ಬ ತಿರುಗಿ ನೋಡಿ "ನೀವು ಕೊಡದಿದ್ರೆ ಬೇರೆ ಕಡೆ ಸಿಗ್ತದೆ" ಅಂದ. ಸಿಗುತ್ತದೆ, ನಿಜ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಳಿಯಾಳ ತಾಲೀಮು

ನಮ್ಮ ಕಡೆ ಖುರಾಕ ಅಂದ್ರ ಹಾಲು, ತುಪ್ಪ, ಬದಾಮಿ ಅರೆದ ಥಂಡಾಯಿ. ವಸ್ತಾದರು ಹೇಳ್ತಿದ್ರು, ಮೈಗೆ ಮಣ್ಣು ಹತ್ತಬೇಕು, ಆಮೇಲೆ ಅನ್ನ ಹತ್ತತದ ಅಂತ. ನಾನು ಹೊಗಳಾಕ ಇದನ್ನ ಹೇಳಾಕತ್ತಿಲ್ಲ. ನಮ್ಮೊಳಗೂ ತಪ್ಪು ನಡದದ.

ಕುಸ್ತಿಯೊಳಗ ಶಕ್ತಿಯ ಔಷಧಕ್ಕಿಂತ ತೂಕ ಇಳಿಸೋ ಗುಳಿಗಿ ದೊಡ್ಡ ಪಿಡುಗು. ಬಿಪಿ ಇದ್ದವರಿಗೆ, ಕಾಲು ಬಾತವರಿಗೆ ಮೂತ್ರ ಹೋಗಲಿ ಅಂತ ಕೊಡೋ ಗುಳಿಗಿ ಇರತಾವಲ್ಲ, ಫ್ರೂಸಮೈಡ್, ಅವನ್ನ ತೂಕದ ಹಿಂದಿನ ರಾತ್ರಿ ನುಂಗತಾರ. ನನ್ನ ಜೋಡಿ ತಾಲೀಮು ಮಾಡತಿದ್ದ ಗೆಳೆಯ ಒಬ್ಬ ಹಂಗ ಮಾಡಿ, ತೂಕ ಬರೊಬ್ಬರಿ ಬಂತು ಅಂತ ನಕ್ಕೋತ ಬಂದ. ಅರ್ಧ ತಾಸಿಗೆ ಅವನ ಮೀನಖಂಡ ಕಲ್ಲಿನಂಗ ಗಂಟು ಕಟ್ಟಿತು. ನಾನ ಕೈಯಿಂದ ತಿಕ್ಕೀನಿ, ಒಳಗ ಹಾವು ಹೊರಳಿದಂಗ ಸ್ನಾಯು ಹೊರಳತಿತ್ತು. ನಾಲಿಗಿ ಒಣಗಿ ಮಾತು ಬರಲಿಲ್ಲ. ಅಖಾಡಕ್ಕ ಇಳೀಲಿಲ್ಲ, ದವಾಖಾನಿಗೆ ಹೋದ.

ಈ ಗುಳಿಗಿ ನಿಷೇಧ ಯಾಕ ಅಂದ್ರ ಎರಡು ಕಾರಣ. ತೂಕ ಮೋಸದಿಂದ ಇಳೀತದ, ಮತ್ತ ಮೂತ್ರ ತೆಳ್ಳಗಾಗಿ ಬ್ಯಾರೆ ಔಷಧ ಇದ್ರೂ ಸಿಗೂದಿಲ್ಲ. ಶೇನ್ ವಾರ್ನ್ ಕಥಿ ಎಲ್ಲಾರಿಗೂ ಗೊತ್ತು. 2003ರ ವಿಶ್ವಕಪ್ ಚಾಲೂ ಆಗೂ ಹೊತ್ತಿಗೆ ಇಂಥಾದ್ದೇ ಗುಳಿಗಿ ಸಿಕ್ಕು ದಕ್ಷಿಣ ಆಫ್ರಿಕಾದಿಂದ ಮನಿಗೆ ಹೋದ. ತೆಳ್ಳಗ ಕಾಣಲಿ ಅಂತ ಅವ್ವ ಕೊಟ್ಟದ್ದು ಅಂದ. ಆದ್ರೂ ಒಂದು ವರ್ಷ ಹೊರಗ ಕುಂತ. 2024ರಾಗ ಪ್ಯಾರಿಸ್ಸಿನೊಳಗ ವಿನೇಶ್ 100 ಗ್ರಾಂ ಹೆಚ್ಚಾಗಿ ಫೈನಲ್ ಕಳಕೊಂಡಾಗ ನಾ ಅತ್ತೀನಿ. ಆದ್ರ ಆಕಿ ರಾತ್ರಿಯೆಲ್ಲಾ ಬೆವರು ಸುರಿಸಿ ಇಳಿಸಾಕ ನೋಡಿದ್ಲು, ಅದನ್ನ ಮರೀಬ್ಯಾಡ್ರಿ.

ಮಾಸ್ತರ, ನಿಮ್ಮ ಹುಡುಗಿಗೆ ಹೇಳ್ರಿ: ಸೋತ್ರ ಮುಂದಿನ ವರ್ಷ ಇರತದ.

ಶಿರಸಿಯ ಒಬ್ಬ ತಾಯಿ

ನನ್ನ ಮಗಳೂ ಮಾರಿಕಾಂಬಾ ಕ್ರೀಡಾಂಗಣದಲ್ಲಿ ಲಾಂಗ್ ಜಂಪ್ ಅಭ್ಯಾಸಕ್ಕೆ ಹೋಗುತ್ತಾಳೆ. "ಮುಂದಿನ ವರ್ಷ ಇರುತ್ತದೆ" ಎನ್ನುವುದು ಎಲ್ಲರ ಪಾಲಿಗೂ ನಿಜವಲ್ಲ. ಹತ್ತನೇ ತರಗತಿ ಮುಗಿದರೆ ಹೆಣ್ಣುಮಕ್ಕಳ ಆಟ ಅಲ್ಲಿಗೇ ಮುಗಿಯುತ್ತದೆ, ಇದನ್ನು ದಿನಾ ನೋಡುತ್ತಿದ್ದೇನೆ. ಕ್ರೀಡಾ ಕೋಟಾದಲ್ಲಿ ಒಂದು ಸೀಟು, ಪೊಲೀಸ್ ಇಲಾಖೆಯಲ್ಲೋ ರೈಲ್ವೆಯಲ್ಲೋ ಒಂದು ನೌಕರಿ, ಅದಕ್ಕೆ ಬೇಕಾದ ಒಂದು ಸರ್ಟಿಫಿಕೇಟು. ಅಣ್ಣ ಎರಡು ಸಾವಿರ ಕೊಟ್ಟು ಡಬ್ಬ ತಂದದ್ದು ಆ ಸರ್ಟಿಫಿಕೇಟಿಗೆ.

ಪೂರ್ವ ಜರ್ಮನಿಯಲ್ಲಿ ಹುಡುಗಿಯರಿಗೆ ನೀಲಿ ಮಾತ್ರೆ ಕೊಟ್ಟು ವಿಟಮಿನ್ ಎಂದು ಹೇಳುತ್ತಿದ್ದರಂತೆ. ಅದು ಗಂಡಸರ ಹಾರ್ಮೋನಿನ ಗುಣವಿರುವ ಸ್ಟಿರಾಯ್ಡ್. ಸರ್ಕಾರವೇ ನಡೆಸಿದ ಕೆಲಸ. ಮಕ್ಕಳ ಧ್ವನಿ ಗಡುಸಾಯಿತು, ಮೈಮೇಲೆ ಕೂದಲು ಬಂತು, ಎಷ್ಟೋ ಜನರಿಗೆ ಜೀವಮಾನದ ಕಾಯಿಲೆ ಉಳಿಯಿತು. ಅವರೂ ನಂಬಿಕಸ್ಥರ ಕೈಯಿಂದಲೇ ತೆಗೆದುಕೊಂಡದ್ದು. ಕೋಡಿಬಾಗದವರು ಎಲ್ಲರಿಗೂ ಬಿಟ್ಟುಬಿಡಿ ಅಂದರಲ್ಲ, ಬಿಟ್ಟುಬಿಟ್ಟರೆ ಹದಿನಾಲ್ಕು ವರ್ಷದ ಹುಡುಗಿ "ನನಗೆ ಬೇಡ" ಎನ್ನುವುದು ಹೇಗೆ? ಬೇಡ ಎಂದವಳು ತಂಡದಿಂದಲೇ ಹೊರಗೆ. ಆಗ ತೆಗೆದುಕೊಳ್ಳುವುದೇ ನಿಯಮ ಆಗುತ್ತದೆ.

ಮಾಲಾದೇವಿ 400 ಮೀ.

ನಾನು ವಿಶ್ವವಿದ್ಯಾಲಯದ ತಂಡಕ್ಕೆ 400 ಮೀಟರ್ ಓಡಿದವಳು. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಒಂದು ಸಲ ಪರೀಕ್ಷೆಗೆ ಕರೆದರು. ಅದು ಹೇಗಿರುತ್ತದೆ ಎಂದು ನಿಮ್ಮ ಹುಡುಗಿಗೆ ಹೇಳಿ ಮಾಸ್ತರೆ, ಯಾರೂ ಹೇಳಿರುವುದಿಲ್ಲ.

ಓಟ ಮುಗಿದು ಬಗ್ಗಿ ಉಸಿರು ಎಳೆಯುತ್ತಿದ್ದೆ. ಕೊರಳಲ್ಲಿ ಕಾರ್ಡು ಹಾಕಿಕೊಂಡ ಹೆಂಗಸೊಬ್ಬರು ಬಂದು ಕಾಗದಕ್ಕೆ ಸಹಿ ತೆಗೆದುಕೊಂಡರು. ಅಲ್ಲಿಂದ ನಾನು ಎಲ್ಲಿಗೆ ಹೋದರೂ ಅವರು ಹಿಂದೆ. ಸೀಲ್ ಒಡೆಯದ ಬಾಟಲಿಯ ನೀರನ್ನೇ ಕುಡಿಯಬೇಕು. ಮೂತ್ರ ಬರಲು ಎರಡು ಗಂಟೆ ಕಾದೆ, ಓಡಿ ಮೈಯಲ್ಲಿ ನೀರೇ ಉಳಿದಿರಲಿಲ್ಲ. ಕೊನೆಗೆ ಪಾಯಖಾನೆಯಲ್ಲಿ ಅಂಗಿ ಎದೆಯವರೆಗೆ ಎತ್ತಿ, ಚಡ್ಡಿ ಮೊಣಕಾಲಿಗೆ ಇಳಿಸಿ, ಅವರ ಎದುರೇ ಕೊಡಬೇಕು. ನಾಚಿಕೆಯಿಂದ ಕಣ್ಣೀರು ಬಂತು. 90 ಮಿಲಿಲೀಟರ್ ಆಗಬೇಕು. ಅದನ್ನು ಎ ಮತ್ತು ಬಿ ಎಂಬ ಎರಡು ಗಾಜಿನ ಬಾಟಲಿಗೆ ನನ್ನ ಕೈಯಿಂದಲೇ ಸುರಿಸಿದರು, ನನ್ನಿಂದಲೇ ಮುಚ್ಚಿಸಿದರು. ಮುಚ್ಚಳ ತಿರುಗಿಸುವಾಗ ಕಟ ಕಟ ಸದ್ದು. ಒಮ್ಮೆ ಕೂತರೆ ಒಡೆಯದೆ ತೆಗೆಯಲು ಬರುವುದಿಲ್ಲ. ಬಾಟಲಿಯ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಕಳೆದ ಏಳು ದಿನದಲ್ಲಿ ನುಂಗಿದ ಎಲ್ಲ ಮಾತ್ರೆ, ಪುಡಿಯ ಹೆಸರು ಬರೆಯಿರಿ ಎಂದರು. ನಾನು ಕೋಚ್ ಕೊಟ್ಟ ಪುಡಿಯೊಂದನ್ನು ತೆಗೆದುಕೊಳ್ಳುತ್ತಿದ್ದೆ. ಪೆನ್ನು ಹಿಡಿದಾಗಲೇ ಹೊಳೆದದ್ದು, ಅದರ ಹೆಸರೇ ನನಗೆ ಗೊತ್ತಿಲ್ಲ. ವರದಿ ಬರುವವರೆಗೆ ತಿಂಗಳುಗಟ್ಟಲೆ ಅನ್ನ ಸೇರಲಿಲ್ಲ. ಏನೂ ಸಿಗಲಿಲ್ಲ. ಆದರೆ ಸಿಕ್ಕಿದ್ದರೆ ಶಿಕ್ಷೆ ನನಗೇ ಆಗುತ್ತಿತ್ತು.

ನಿಯಮ ಇರುವುದೇ ಹಾಗೆ. ನಿನ್ನ ಮೈಯಲ್ಲಿ ಸಿಕ್ಕಿದ್ದಕ್ಕೆ ನೀನೇ ಹೊಣೆ, ಹೇಗೆ ಬಂತು ಎನ್ನುವುದು ಆಮೇಲಿನ ಮಾತು. ಅಶ್ವಿನಿ ಅಕ್ಕುಂಜೆಯನ್ನು ನೆನಪಿಸಿಕೊಳ್ಳಿ. ಸಿದ್ದಾಪುರದವರು, ನಮ್ಮ ಜಿಲ್ಲೆಯ ಸಿದ್ದಾಪುರ ಅಲ್ಲ, ಕುಂದಾಪುರದ ಕಡೆಯದ್ದು. 2010ರಲ್ಲಿ ದಿಲ್ಲಿ ಕಾಮನ್‌ವೆಲ್ತ್ ರಿಲೇಯಲ್ಲಿ ಅವರು ಮೂರನೇ ಲೆಗ್ ಓಡಿದ ಹಾಗೆ ಓಡಬೇಕು ಎಂದೇ ನಾನು 400ಕ್ಕೆ ಬಂದವಳು. ಅದೇ ವರ್ಷ ಗುವಾಂಗ್‌ಜೌ ಏಷ್ಯನ್ ಗೇಮ್ಸ್‌ನಲ್ಲಿ ಹರ್ಡಲ್ಸ್ ಚಿನ್ನ, ರಿಲೇ ಚಿನ್ನ. 2011ರಲ್ಲಿ ಸ್ಟಿರಾಯ್ಡ್ ಸಿಕ್ಕಿತು. ಕೋಚ್ ಕೊಟ್ಟ ಜಿನ್‌ಸೆಂಗ್ ಮಾತ್ರೆಯಿಂದ ಬಂತು ಎಂದರು. ಉಕ್ರೇನಿನ ಆ ಕೋಚನ್ನು ತೆಗೆದುಹಾಕಿದರು. ಇಲ್ಲಿನ ಸಮಿತಿ ಒಂದು ವರ್ಷದ ನಿಷೇಧ ಹಾಕಿತು, ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಾಲಯ 2012ರಲ್ಲಿ ಅದನ್ನು ಎರಡು ವರ್ಷ ಮಾಡಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ನಾನು ಆಗ ಪಿಯುಸಿ. ಪೇಪರಿನಿಂದ ಕತ್ತರಿಸಿ ಗೋಡೆಗೆ ಅಂಟಿಸಿದ್ದ ಫೋಟೊ ತೆಗೆಯಲು ಮನಸ್ಸು ಬರಲಿಲ್ಲ, ಇಂದಿಗೂ ಇದೆ.

ಅವರ ಮೇಲೆ ನನಗೆ ಕನಿಕರ ಇದೆ. ಆದರೂ ನಿಯಮ ತಪ್ಪು ಎನ್ನಲಾರೆ. "ಗೊತ್ತಿರಲಿಲ್ಲ" ಎಂದವರನ್ನೆಲ್ಲ ಬಿಟ್ಟರೆ ನಾಳೆಯಿಂದ ಯಾರಿಗೂ ಏನೂ ಗೊತ್ತಿರುವುದಿಲ್ಲ.

ಕುಮಟೆ ಔಷಧಿ ಅಂಗಡಿ

ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ರೊಮೇನಿಯಾದ ಜಿಮ್ನಾಸ್ಟ್ ಆಂಡ್ರಿಯಾ ರಾಡುಕಾನ್, 16 ವರ್ಷದ ಹುಡುಗಿ, ತಂಡದ ವೈದ್ಯರೇ ಕೊಟ್ಟ ಶೀತದ ಮಾತ್ರೆ ನುಂಗಿ ಚಿನ್ನ ಕಳೆದುಕೊಂಡಳು. ಅದರಲ್ಲಿದ್ದದ್ದು ಸ್ಯೂಡೋಎಫೆಡ್ರಿನ್. ಕೆಲವೇ ವರ್ಷಗಳಲ್ಲಿ ಅದನ್ನು ಪಟ್ಟಿಯಿಂದ ತೆಗೆದರು, 2010ರಲ್ಲಿ ಒಂದು ಮಿತಿ ಇಟ್ಟು ಮತ್ತೆ ಸೇರಿಸಿದರು. ಅವಳ ಚಿನ್ನ ಮಾತ್ರ ವಾಪಸು ಬರಲಿಲ್ಲ. ಕ್ರಿಕೆಟಿಗ ಪೃಥ್ವಿ ಶಾ 2019ರಲ್ಲಿ ಎಂಟು ತಿಂಗಳು ಹೊರಗಿದ್ದದ್ದು ಕೆಮ್ಮಿನ ಸಿರಪ್ಪಿನ ಟರ್ಬ್ಯುಟಲಿನ್‌ನಿಂದ. ಮಳೆಗಾಲದಲ್ಲಿ ಆ ಸಿರಪ್ಪನ್ನು ದಿನಕ್ಕೆ ಹತ್ತು ಬಾಟಲಿ ಮಾರುತ್ತೇನೆ. ಕೊಳ್ಳಲು ಬಂದವರ ಮನೆಯಲ್ಲಿ ಓಡುವ ಮಗು ಇದೆಯೇ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಈಗ ಕೇಳಲು ಶುರು ಮಾಡಿದ್ದೇನೆ.

ಕೋಡಿಬಾಗದ ಓಟಗಾರ

ಮಕ್ಕಳ ವಿಷಯದಲ್ಲಿ ಅಮ್ಮ ಹೇಳಿದ್ದು ಸರಿ, ಒಪ್ಪಿದೆ. ಆದರೆ ಹುಟ್ಟಿನಿಂದಲೇ ಬರುವ ಶಕ್ತಿಯನ್ನು ಏನು ಮಾಡುತ್ತೀರಿ? ಫಿನ್‌ಲೆಂಡಿನ ಹಿಮಜಾರಾಟಗಾರ ಈರೋ ಮಾಂಟಿರಾಂಟನ ವಂಶದಲ್ಲೇ ಕೆಂಪು ರಕ್ತಕಣ ಹೆಚ್ಚು ಹುಟ್ಟುವ ಗುಣವಿತ್ತು. 1964ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ. ಅದೇ ರಕ್ತವನ್ನು ಇಪಿಒ ಇಂಜೆಕ್ಷನ್‌ನಿಂದ ಮಾಡಿಕೊಂಡರೆ ಮೋಸ. ದೇವರು ಕೊಟ್ಟರೆ ಸರಿ, ಡಾಕ್ಟರು ಕೊಟ್ಟರೆ ತಪ್ಪು! ನಮ್ಮ ಜಿಲ್ಲೆಯಲ್ಲೇ ನೋಡಿ, ಸಿದ್ದಿಗಳಿಗೆ ಓಟ ರಕ್ತದಲ್ಲೇ ಬಂದಿದೆ ಅನ್ನುತ್ತಾರೆ. ನಮಗೆ ಅದು ಅನ್ಯಾಯ ಅಲ್ಲವೇ?

ಯಲ್ಲಾಪುರ ಕಾಡಂಚು

ನಾನು ಸಿದ್ದಿ. ರಕ್ತದಲ್ಲಿ ಓಟ ಇದೆ ಎನ್ನುವ ಮಾತನ್ನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ, ಹೊಗಳಿಕೆ ಅಂದುಕೊಂಡೇ ಎಲ್ಲರೂ ಹೇಳುತ್ತಾರೆ.

1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ಇದೇ ನಂಬಿಕೆಯಿಂದ ನಮ್ಮ ಹಾಡಿಗಳಿಗೆ ಬಂದರು. ಪೂರ್ವಜರು ಆಫ್ರಿಕಾದವರು, ಒಲಿಂಪಿಕ್ಸ್ ಪದಕ ತರುತ್ತಾರೆ ಎಂದು ಮಕ್ಕಳನ್ನು ಓಡಿಸಿ, ಅಳೆದು, ಆರಿಸಿದರು. ನನ್ನ ಚಿಕ್ಕಪ್ಪನೂ ಹೋಗಿದ್ದ. ಅವನು ಈಗಲೂ ಹೇಳುವುದು ರಕ್ತದ ಮಾತಲ್ಲ, ಮೊಟ್ಟೆಯ ಮಾತು. ದಿನಾ ಬೆಳಿಗ್ಗೆ ಮೊಟ್ಟೆ, ಒಂದು ಲೋಟ ಹಾಲು, ಕಾಲಿಗೆ ಸರಿಹೊಂದುವ ಶೂ. ಮೊದಲ ದಿನ ಶೂ ಹಾಕಿಕೊಂಡೇ ಮಲಗಿದ್ದನಂತೆ, ಬೆಳಗಾದರೆ ಯಾರಾದರೂ ವಾಪಸು ಕೇಳಿಯಾರು ಎಂದು. ರಾಷ್ಟ್ರಮಟ್ಟದಲ್ಲಿ ಪದಕ ತಂದವರು ಆ ತಂಡದಲ್ಲಿದ್ದರು. 1993ರಲ್ಲಿ ಯೋಜನೆ ನಿಂತಿತು. ಮಕ್ಕಳು ಮನೆಗೆ ಬಂದರು. ಚಿಕ್ಕಪ್ಪ ಅಡಿಕೆ ತೋಟಕ್ಕೆ ಕೂಲಿಗೆ ಹೋದ. ರಕ್ತ ಅದೇ ಇತ್ತಲ್ಲ, ಮೊಟ್ಟೆ, ಹಾಲು, ಕೋಚ್ ಹೋದ ಮೇಲೆ ಆ ರಕ್ತ ಯಾಕೆ ಓಡಲಿಲ್ಲ?

ಕೋಡಿಬಾಗದ ಅಣ್ಣಾ, ನಿಮ್ಮ ಸ್ಪೈಕ್ಸ್ ಮಾತು ನನ್ನ ಮನಸ್ಸಿಗೆ ತಾಗಿತು, ಅದು ನಿಜವಾದ ಅನ್ಯಾಯ. ಆದರೆ ಶೂ ಇಲ್ಲದವನಿಗೆ ಶೂ ಕೊಡಿಸಿ ಎಂದು ಹೋರಾಡೋಣ. ಇಂಜೆಕ್ಷನ್ ಬಿಟ್ಟುಬಿಟ್ಟರೆ ಒಳ್ಳೆಯ ಇಂಜೆಕ್ಷನ್ ಕೊಳ್ಳುವವರೂ ಶೂ ಕೊಂಡವರೇ. ನಮಗೆ ಸಿಗುವುದು ಲೇಬಲ್ ಕಿತ್ತ ಡಬ್ಬ.

ಹೊನ್ನಾವರ ರೇಡರ್

ಮೇಲಿನ ಮಾತಿಗೆ ನನ್ನದೂ ಸೇರಿಸಿ. ಹೊನಲು ಬೆಳಕಿನ ಕಬಡ್ಡಿಯಲ್ಲಿ ರಾತ್ರಿ ಎರಡು ಗಂಟೆಗೆ ಮೂರನೇ ಮ್ಯಾಚ್ ಆಡುವಾಗ ಹುಡುಗರು ಏನೇನು ತೆಗೆದುಕೊಂಡು ಇಳಿಯುತ್ತಾರೆ ಎಂದು ನೋಡಿದ್ದೇನೆ. ಯಾರೂ ಕೇಳುವವರಿಲ್ಲ. ಬೇರೆ ಕಡೆಯೂ ಇದೇ ಸ್ಥಿತಿ. 2023ರ ಸೆಪ್ಟೆಂಬರಿನಲ್ಲಿ ದಿಲ್ಲಿ ರಾಜ್ಯ ಕೂಟಕ್ಕೆ ನಾಡಾದವರು, ಅಂದರೆ ಈ ಪರೀಕ್ಷೆ ಮಾಡುವ ರಾಷ್ಟ್ರೀಯ ಸಂಸ್ಥೆಯವರು, ಬಂದಿದ್ದಾರೆ ಎಂದು ತಿಳಿದದ್ದೇ, ಗಂಡಸರ 100 ಮೀಟರ್ ಫೈನಲ್ಲಿಗೆ ಒಬ್ಬನೇ ಉಳಿದ. ಉಳಿದವರು ನಾಪತ್ತೆ. ಅದೇ ವರ್ಷ ದೇಶದಲ್ಲಿ ಪರೀಕ್ಷಿಸಿದ 5,606 ಮಾದರಿಗಳಲ್ಲಿ 213ರಲ್ಲಿ ನಿಷೇಧಿತ ವಸ್ತು ಸಿಕ್ಕಿತ್ತು. ಪರೀಕ್ಷೆಯೇ ಇಲ್ಲದ ನಮ್ಮ ಮೈದಾನಗಳ ಲೆಕ್ಕ ಅದರಲ್ಲಿಲ್ಲ.

ಶಿರಸಿಯ ಒಬ್ಬ ತಾಯಿ

ಡಬ್ಬ ಕೊಟ್ಟವರಿಗೆ ಏನೂ ಆಗುವುದಿಲ್ಲವೇ? ನನಗೆ ಅದೊಂದು ಗೊತ್ತಾಗಬೇಕು.

ಮಾಲಾದೇವಿ 400 ಮೀ.

ನಿಯಮದಲ್ಲಿ ಇದೆ ಅಕ್ಕಾ. ಔಷಧ ತಡೆಯುವ ವಿಶ್ವ ಸಂಸ್ಥೆ ವಾಡಾದ ಸಂಹಿತೆ ಪ್ರಕಾರ ನಿಷೇಧಿತ ವಸ್ತು ಕೊಟ್ಟ ಕೋಚಿಗೋ ವೈದ್ಯರಿಗೋ ಕನಿಷ್ಠ ನಾಲ್ಕು ವರ್ಷ, ಹೆಚ್ಚೆಂದರೆ ಜೀವಮಾನವಿಡೀ ನಿಷೇಧ. ಮಕ್ಕಳಿಗೆ ಸ್ಟಿರಾಯ್ಡಿನಂಥದ್ದು ಕೊಟ್ಟರೆ ಜೀವಮಾನದ್ದೇ. 16 ತುಂಬದ ಮಗು ಸಿಕ್ಕಿಬಿದ್ದರೆ, ದೊಡ್ಡ ತಪ್ಪಿಲ್ಲ ಎಂದು ತೋರಿಸಿದಲ್ಲಿ, ಬರೀ ಎಚ್ಚರಿಕೆಯಿಂದ ಎರಡು ವರ್ಷದವರೆಗೆ ಶಿಕ್ಷೆ ಇಳಿಸಲೂ ಅವಕಾಶವಿದೆ. ಆದರೆ ಈ ನಿಷೇಧ ತಟ್ಟುವುದು ಕ್ರೀಡೆಯ ಒಳಗಿರುವವರಿಗೆ. ಜಿಮ್ಮಿನ ಮೂಲೆಯಲ್ಲಿ ಡಬ್ಬ ಮಾರುವವನಿಗೆ ಕ್ರೀಡೆಯಿಂದ ನಿಷೇಧ ಮಾಡಿದರೆ ಏನು ನಷ್ಟ? ಅವನ ಅಂಗಡಿ ಮರುದಿನವೂ ತೆರೆದಿರುತ್ತದೆ. ನನಗೆ ಉರಿಯುವುದು ಇಲ್ಲಿ. ಹುಡುಗಿಯ ಮೂತ್ರಕ್ಕೆ ಎರಡು ಬಾಟಲಿ, ಸೀಲು, ಸಂಖ್ಯೆ, ಪ್ರಯೋಗಾಲಯ. ಡಬ್ಬಕ್ಕೆ ಒಂದು ನೆಟ್ಟಗಿನ ಲೇಬಲ್ಲೂ ಇಲ್ಲ.

ಅಂಕೋಲೆ ಪಿಟಿ ಮಾಸ್ತರು

ಎಲ್ಲರದ್ದೂ ಓದಿದೆ, ಕೆಲವನ್ನು ಹುಡುಗಿಗೂ ಓದಿಸಿದೆ.

ಡಾಕ್ಟರು ನೋಡಿದರು. ನಾಡಿ ಸ್ವಲ್ಪ ಜೋರಿತ್ತು, ಈಗ ಸರಿಯಾಗಿದೆ. ನಿನ್ನೆ ಅವರ ಮನೆಗೆ ಹೋಗಿದ್ದೆ. ಅಣ್ಣ ಮೊದಲು ಎದುರು ಮಾತನಾಡಿದ, ಆಮೇಲೆ ತಲೆ ತಗ್ಗಿಸಿ ಕೂತ. ಅಮ್ಮ ಒಳಗಿನಿಂದ ಬಂದು, "ಮಾಸ್ತರೆ, ಮನೇಲೇ ಬಂಗಡೆ, ತಾರಲೆ ಇರ್ತದೆ, ಅದು ಸಾಲೂದಿಲ್ವ?" ಎಂದು ಕೇಳಿದರು. ಸಾಲುತ್ತದೆ ಅಮ್ಮ, ಜೊತೆಗೆ ಎರಡು ಮೊಟ್ಟೆ, ನೆನೆಸಿದ ಶೇಂಗಾ ಕೊಡಿ ಎಂದೆ. ಮಾರಿ ಉಳಿದದ್ದನ್ನೇ ಮನೆಯಲ್ಲಿ ತಿನ್ನುವುದಂತೆ. ಇನ್ನು ಮಗಳಿಗೆ ಮೊದಲೇ ಎರಡು ಎತ್ತಿಡುತ್ತೇನೆ ಅಂದರು.

ಅವಳ ಪ್ರಶ್ನೆಗೆ ಉತ್ತರ ಕೊಟ್ಟೆ. ಹೌದು, ತಂಗಿ, ಸೋಲಬಹುದು ಅಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಜಿಲ್ಲೆಯಲ್ಲಿ ಯಾರೂ ನೋಡುವುದಿಲ್ಲ, ನೀನು ಖೇಲೋ ಇಂಡಿಯಾದವರೆಗೆ ಹೋದರೆ ನೋಡುತ್ತಾರೆ, ಆ ದಿನ ಬಾಟಲಿಗೆ ಸುರಿಯುವಾಗ ಕೈ ನಡುಗಬಾರದು ಎಂದೆ. 400 ಮೀಟರ್ ಅಕ್ಕ ಬರೆದದ್ದನ್ನು ಎರಡು ಸಲ ಓದಿದಳು. ಬಹಳ ಹೊತ್ತು ಸುಮ್ಮನಿದ್ದು, "ಆ ಅಕ್ಕ ಈಗ್ಲೂ ಓಡ್ತಾರಾ?" ಎಂದು ಕೇಳಿದಳು.

ಇನ್ನೊಂದು ವಿಷಯ, ಕುಮಟೆಯವರೆ. ನಮ್ಮ ರಿಲೇ ಹುಡುಗನೊಬ್ಬನಿಗೆ ಉಬ್ಬಸ ಇದೆ. ಸಾಲ್ಬ್ಯುಟಮಾಲ್ ಪಂಪ್ ಎಳೆದುಕೊಳ್ಳುತ್ತಾನೆ, ಕೆಲವು ದಿನ ಸಿರಪ್ಪೂ ಕುಡಿಯುತ್ತಾನೆ. ಇದೆಲ್ಲ ಓದಿದ ಮೇಲೆ ಅವನ ತಂದೆ ಹೆದರಿ ಪಂಪನ್ನೇ ನಿಲ್ಲಿಸಲು ಹೊರಟಿದ್ದಾರೆ.

ಕುಮಟೆ ಔಷಧಿ ಅಂಗಡಿ

ಪಂಪ್ ನಿಲ್ಲಿಸಬೇಡಿ ಎಂದು ಇವತ್ತೇ ಫೋನ್ ಮಾಡಿ ಹೇಳಿ. ಉಬ್ಬಸಕ್ಕಿಂತ ಕೂಟ ದೊಡ್ಡದಲ್ಲ. ಎಳೆದುಕೊಳ್ಳುವ ಸಾಲ್ಬ್ಯುಟಮಾಲ್‌ಗೆ ಅನುಮತಿ ಇದೆ. 24 ಗಂಟೆಯಲ್ಲಿ 1600 ಮೈಕ್ರೊಗ್ರಾಂ ಮೀರಬಾರದು, ಯಾವುದೇ 8 ಗಂಟೆಯಲ್ಲಿ 600 ದಾಟಬಾರದು. ಸಾಮಾನ್ಯ ಪಂಪಿನಲ್ಲಿ ಒಂದು ಎಳೆತಕ್ಕೆ 100, ಅಂದರೆ 8 ಗಂಟೆಗೆ ಆರು ಎಳೆತ. ಅದೇ ಔಷಧದ ಸಿರಪ್, ಮಾತ್ರೆಗೆ ಅನುಮತಿ ಇಲ್ಲ. ನೆಬ್ಯುಲೈಸರ್ ಹಾಕಿಸಿದರೆ ಈ ಮಿತಿ ಸುಲಭವಾಗಿ ದಾಟುತ್ತದೆ, ಅಂಥ ದಿನ ಬಂದರೆ ಡಾಕ್ಟರ ಹತ್ತಿರ ಬರೆಸಿಟ್ಟುಕೊಳ್ಳಿ. ದೊಡ್ಡ ಕೂಟಕ್ಕೆ ಹೋಗುವ ಮೊದಲು ಚಿಕಿತ್ಸೆಗಾಗಿ ವಿನಾಯಿತಿ ಕೇಳಿ ನಾಡಾಕ್ಕೆ ಅರ್ಜಿ ಹಾಕಲು ದಾರಿಯಿದೆ, ಕಾಗದ ನಾನೇ ತುಂಬಿಸಿಕೊಡುತ್ತೇನೆ.

ಸಿರಪ್ಪಿನ ಬಾಟಲಿ ಎಸೆಯುವ ಮೊದಲು ಅದರ ಲೇಬಲ್ಲಿನ ಫೋಟೊ ಕಳಿಸಿ. ಬೆಳಿಗ್ಗೆ ಎಂಟಕ್ಕೆ ಅಂಗಡಿ ತೆಗೆಯುತ್ತೇನೆ.